ಹಿತ್ತಲನ್ನು ಅಡಿಕೆಗೆ ಬಿಟ್ಟುಕೊಡಬೇಡಿ



ನಮ್ಮ ಸಂಘದ ಪತ್ರಿಕೆಯಲ್ಲಿ ಧಾರಣೆ, ರೋಗ, ಗೊಬ್ಬರ, ಸಾಲ ಇವುಗಳ ಬಗ್ಗೆ ಬೇಕಾದಷ್ಟು ಚರ್ಚೆ ನಡೆಯುತ್ತಿರುವುದು ಸಂತೋಷದ ವಿಷಯ. ಆದರೆ ಬೆಳೆಗಾರನ ಮನೆಯ ಹಿಂದಿನ ತುಂಡು ನೆಲದ ಬಗ್ಗೆ ಯಾರೂ ಬರೆದದ್ದನ್ನು ನಾನು ಕಂಡಿಲ್ಲ. ಮೂಡಿಗೆರೆ, ಕೊಪ್ಪದ ಕಡೆಯ ಕಾಫಿ ಬೆಳೆಗಾರರು ಇದನ್ನೋದಿ ನಕ್ಕರೂ ನಗಬಹುದು. ಅವರಿಗೆ ಮಳೆ ಹೆಚ್ಚಾಗಿ ಸೊಪ್ಪು ಕೊಳೆಯುವ ಚಿಂತೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಕಡೂರು ಸೀಮೆಯ ನಮಗೆ ಸೊಪ್ಪು ಮೊಳೆಯುವುದೇ ಚಿಂತೆ. ಜಿಲ್ಲೆ ಒಂದಾದರೂ ಹಿತ್ತಲು ಎರಡು ಬಗೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ನಮ್ಮ ಮನೆಯ ಹಿಂದೆ ಮೂರು ಗುಂಟೆ ಹಿತ್ತಲಿತ್ತು. ನನ್ನ ಅವ್ವ ಅದರಲ್ಲಿ ಬದನೆ, ಅವರೆ, ದಂಟು, ನುಗ್ಗೆ, ಬಚ್ಚಲ ಬದಿಗೆ ನಾಲ್ಕು ಬಾಳೆ, ಒಂದು ನಿಂಬೆ ಇಟ್ಟುಕೊಂಡಿದ್ದರು. 2014ರಲ್ಲಿ ಅಡಿಕೆ ಧಾರಣೆ ಏರಿದ್ದು ನಿಮಗೆಲ್ಲ ನೆನಪಿದೆ. ಮರುವರ್ಷವೇ ನಾನು ಹಿತ್ತಲನ್ನು ಅಗೆಸಿ 40 ಅಡಿಕೆ ಸಸಿ ಇಡಿಸಿದೆ. ಅವ್ವ ಬೇಡವೆಂದರು. ತರಕಾರಿ ಸಂತೆಯಲ್ಲಿ ಸಿಗುತ್ತದೆ, ಅಡಿಕೆ ಮರ ಸಂತೆಯಲ್ಲಿ ಸಿಗುವುದಿಲ್ಲ ಎಂದು ನಾನು ಜಾಣತನದ ಮಾತಾಡಿದೆ.

2023ರಲ್ಲಿ ಮುಂಗಾರು ಕೈಕೊಟ್ಟು, ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. 2024ರ ಮಾರ್ಚಿಯಲ್ಲಿ ನಮ್ಮ ಕೊಳವೆಬಾವಿ ನಿಂತಿತು. ಟ್ಯಾಂಕರ್ ನೀರು ಕೊಂಡು ತೋಟ ಉಳಿಸಲು ಹೆಣಗಿದೆವು. ಹಿತ್ತಲಿನ 40 ಮರಗಳಲ್ಲಿ 26 ಒಣಗಿದವು. ಅದೇ ಬೇಸಿಗೆಯಲ್ಲಿ ಸಂತೆಯಿಂದ ಬಾಡಿದ ಬೀನ್ಸು ತಂದು ಅಡಿಗೆ ಮಾಡಿದೆವು. ನೀರಿಗೂ ದುಡ್ಡು, ಸೊಪ್ಪಿಗೂ ದುಡ್ಡು. ಬಚ್ಚಲ ನೀರು ಮಾತ್ರ ಎಂದಿನಂತೆ ಚರಂಡಿಗೆ ಹೋಗುತ್ತಿತ್ತು. ಅವ್ವ ಒಂದೇ ಮಾತು ಹೇಳಿದರು: "ಬಚ್ಚಲ ನೀರು ಹರಿಯೋ ಮನೇಲಿ ಬಾಳೆ ಒಣಗಬಾರದು ಕಣಪ್ಪ."

ಈಗ ಲೆಕ್ಕಕ್ಕೆ ಬರೋಣ. ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ನೀರು ಬೇಕು. ತರಕಾರಿ ಪಾತಿಗೆ ಚದರ ಮೀಟರಿಗೆ ಸುಮಾರು 5 ಲೀಟರ್ ಹಿಡಿದರೆ, ಅರ್ಧ ಗುಂಟೆಗೆ, ಅಂದರೆ 50 ಚದರ ಮೀಟರಿಗೆ, ದಿನಕ್ಕೆ 250 ಲೀಟರ್ ಆಯಿತು. ಇದು ಹೆಚ್ಚೆಂದರೆ 15 ಅಡಿಕೆ ಮರಗಳ ನೀರು. ಎಕರೆಗೆ 550 ಮರ ಇಟ್ಟವನಿಗೆ ಇದು ನೂರಕ್ಕೆ ಮೂರು ಪಾಲೂ ಅಲ್ಲ. ಅದರಲ್ಲಿಯೂ ಐದು ಜನರ ಮನೆಯಲ್ಲಿ ತಲಾ 30 ಲೀಟರಿನಂತೆ 150 ಲೀಟರ್ ಸ್ನಾನದ ನೀರು, ಅಕ್ಕಿ ತರಕಾರಿ ತೊಳೆದ ನೀರು 50 ಲೀಟರ್ ದಿನವೂ ಸಿಗುತ್ತದೆ. ಹೊಸದಾಗಿ ಬೇಕಾದದ್ದು ಎರಡು ಮೂರು ಕೊಡ ಮಾತ್ರ.

ಮಳೆಯ ಲೆಕ್ಕವನ್ನೂ ನೋಡಿ. 1,000 ಚದರ ಅಡಿ ಮಾಡಿನ ಮೇಲೆ 600 ಮಿಲಿಮೀಟರ್ ಮಳೆ ಬಿದ್ದರೆ, ಸೋರಿಕೆ ಕಳೆದು ನೂರಕ್ಕೆ 80 ಪಾಲು ಹಿಡಿದರೂ ಸುಮಾರು 44,000 ಲೀಟರ್ ಆಗುತ್ತದೆ. ಅಷ್ಟನ್ನೂ ತುಂಬಿಡುವ ತೊಟ್ಟಿ ಎಲ್ಲರಿಗೂ ಸಾಧ್ಯವಿಲ್ಲ, ನಿಜ. ಆದರೆ ಮಾಡಿನ ನೀರನ್ನು ಹಿತ್ತಲಿನ ಪಾತಿಗೂ ಗಿಡದ ಬುಡದ ಗುಂಡಿಗೂ ತಿರುಗಿಸುವುದಕ್ಕೆ ಒಂದು ಗುದ್ದಲಿ ಸಾಕು.

ಒಣಸೀಮೆಯ ಹಿತ್ತಲಿಗೆ ಅದರದೇ ಕ್ರಮವಿದೆ. ಮಲೆನಾಡಿನಲ್ಲಿ ನೀರು ಬಸಿಯಲೆಂದು ಏರುಮಡಿ ಮಾಡುತ್ತಾರೆ. ಅದನ್ನು ನೋಡಿ ನಾವೂ ಹಾಗೆ ಮಾಡಿದರೆ ಮಣ್ಣು ಬೇಗ ಒಣಗುತ್ತದೆ. ನಮ್ಮಲ್ಲಿ ಪಾತಿ ನೆಲಮಟ್ಟಕ್ಕಿಂತ ನಾಲ್ಕು ಬೆರಳು ತಗ್ಗಿನಲ್ಲಿರಬೇಕು. ಮೇಲೆ ಅಡಿಕೆ ಸೋಗೆ, ಒಣಹುಲ್ಲು, ತರಗು ಯಾವುದಾದರೂ ಹೊದಿಕೆ ಇರಬೇಕು. ಹೀರೆ, ಕುಂಬಳ, ಟೊಮೆಟೊ ಇಡುವಲ್ಲಿ ಬಣ್ಣ ಬಳಿಯದ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಸೊಳ್ಳೆ ಬಾರದಂತೆ ಮುಚ್ಚಿಟ್ಟರೆ ಅದು ಒಸರುತ್ತಾ ಸುತ್ತಲಿನ ನಾಲ್ಕು ಗಿಡಗಳನ್ನು ಸಾಕುತ್ತದೆ.

ಬಚ್ಚಲ ನೀರಿನ ವಿಷಯದಲ್ಲಿ ಎಚ್ಚರ ಬೇಕು. ಅದು ಬಾಳೆ, ಪರಂಗಿ, ನುಗ್ಗೆ, ನಿಂಬೆಯ ಬುಡಕ್ಕೆ ಹೋಗಲಿ. ಸೊಪ್ಪಿನ ಮೇಲೂ ಮೂಲಂಗಿಯ ಪಾತಿಗೂ ಬೇಡ. ಅಲ್ಲಿಗೆ ಅಕ್ಕಿ ತೊಳೆದ ನೀರು ಹಾಕಬಹುದು. ಸೋಪಿನ ನೀರು ಒಂದೇ ಕಡೆ ನಿತ್ಯ ಬಿದ್ದರೆ ಮಣ್ಣು ಗಟ್ಟಿಯಾಗುತ್ತದೆ. ಆದ್ದರಿಂದ ಕಾಲುವೆಯನ್ನು ಆಗಾಗ ಬೇರೆ ಗಿಡಕ್ಕೆ ತಿರುಗಿಸಬೇಕು, ನೀರು ನಿಂತು ನಾರಲು ಬಿಡಬಾರದು.

ಎಲ್ಲವನ್ನೂ ಎಲ್ಲ ಕಾಲದಲ್ಲೂ ಬೆಳೆಯಲು ಹೋಗುವುದೇ ಸೋಲಿಗೆ ಕಾರಣ. ಮೊದಲ ಮಳೆಗೆ ಸೊಪ್ಪು, ಬೆಂಡೆ, ಗೋರಿಕಾಯಿ. ಮಳೆಗಾಲದ ನಡುವೆ ಅವರೆ, ಬದನೆ. ಏಪ್ರಿಲ್ ಮೇ ತಿಂಗಳಲ್ಲಿ ಪಾತಿಗಳನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸಿ, ನುಗ್ಗೆ, ಕರಿಬೇವು, ತೊಂಡೆ, ಚಕ್ರಮುನಿ ಇವುಗಳನ್ನು ನಂಬಬೇಕು. ಹಣ್ಣಿಗೆ ಸೀತಾಫಲ, ನೆಲ್ಲಿ, ನಿಂಬೆ, ದಾಳಿಂಬೆ ಇವು ಬೇರೂರಿದ ಮೇಲೆ ಬರವನ್ನು ತಾಳುತ್ತವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಬೆಂಡೆ, ಅರ್ಕಾ ಸುಗುಣ ದಂಟು ಮನೆಯಲ್ಲೇ ಬೀಜ ಹಿಡಿಯಬಹುದಾದ ತಳಿಗಳು. ಅರ್ಕಾ ರಕ್ಷಕ್ ಟೊಮೆಟೊ ರೋಗ ತಡೆಯುವ ಒಳ್ಳೆಯ ತಳಿಯೇ. ಆದರೆ ಸಂಕರ ತಳಿಯಾದ್ದರಿಂದ ಅದರ ಬೀಜವನ್ನು ಎತ್ತಿಟ್ಟು ಪ್ರಯೋಜನವಿಲ್ಲ.

ಕೋತಿ ಕಾಟಕ್ಕೆ ಏನು ಮಾಡುತ್ತೀರಿ ಎಂದು ಕೇಳುವವರಿದ್ದಾರೆ. ಕೋತಿ ಇರುವಲ್ಲಿ ಸೀಬೆ, ಬಾಳೆ ಉಳಿಯುವುದು ಕಷ್ಟ, ಒಪ್ಪುತ್ತೇನೆ. ಹಾಗಲ, ಮೆಣಸಿನಕಾಯಿ, ಸುವರ್ಣಗೆಡ್ಡೆ, ಕರಿಬೇವಿನ ತಂಟೆಗೆ ಅವು ಅಷ್ಟಾಗಿ ಬರುವುದಿಲ್ಲ. ಆಳು ಸಿಗುವುದಿಲ್ಲ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಅರ್ಧ ಗುಂಟೆಗೆ ಆಳು ಬೇಡ, ಬೆಳಿಗ್ಗೆ ಅರ್ಧ ಗಂಟೆ ಮನೆಯ ಗಂಡಸರು ಬಗ್ಗಿದರೆ ಸಾಕು. ಹಿತ್ತಲೆಂದರೆ ಹೆಂಗಸರ ಕೆಲಸ ಎಂದು ಬಿಟ್ಟಿದ್ದರಿಂದಲೇ ಅದನ್ನು ಕೀಳಿಸುವಾಗ ನಾವು ಅವರನ್ನು ಕೇಳಲಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಂತೆ ಒಬ್ಬರಿಗೆ ದಿನಕ್ಕೆ ಸುಮಾರು 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಬೇಕು. ಐದು ಜನಕ್ಕೆ ದಿನಕ್ಕೆ ಎರಡು ಕಿಲೋ ತರಕಾರಿ. ಅರ್ಧ ಗುಂಟೆ ಇದೆಲ್ಲವನ್ನೂ ಕೊಡುತ್ತದೆ ಎಂದು ನಾನು ಹೇಳಲಾರೆ. ಸಂತೆ ಬೇಡವೆಂದೂ ಅಲ್ಲ. ಆದರೆ ಧಾರಣೆ ಬಿದ್ದ ವರ್ಷವೂ ಸಾರಿಗೆ ಸೊಪ್ಪು ಮನೆಯದೇ ಆಗಿರುವುದು ಸಣ್ಣ ಮಾತಲ್ಲ.

ಸಂಘದ ಆಡಳಿತ ಮಂಡಳಿಯಲ್ಲಿ ನನ್ನದು ಮೂರು ಕೋರಿಕೆ. ಮೇ ತಿಂಗಳೊಳಗೆ ಗೊಬ್ಬರದ ಮಳಿಗೆಯಲ್ಲಿ ತರಕಾರಿ ಬೀಜದ ಸಣ್ಣ ಪೊಟ್ಟಣಗಳು ಸಿಗಲಿ. ಅಡಿಕೆ ಸಸಿ ಕೊಳ್ಳುವ ಸದಸ್ಯರಿಗೆ ಅದರ ಜೊತೆಯಲ್ಲೇ ನುಗ್ಗೆ, ಕರಿಬೇವು, ನಿಂಬೆ ಸಸಿಗಳೂ ದೊರೆಯಲಿ. ವಾರ್ಷಿಕ ಸಭೆಯ ದಿನ ಸದಸ್ಯರ ಮನೆಯ ಹೆಣ್ಣುಮಕ್ಕಳು ಬೀಜ ಕೊಟ್ಟು ತೆಗೆದುಕೊಳ್ಳಲು ಒಂದು ಗಂಟೆ ಸಮಯವನ್ನೂ ಒಂದು ಮೇಜನ್ನೂ ಇಡಲಿ.

ಒಣಗಿದ 26 ಮರಗಳನ್ನು ಕಡಿಸಿದ ಜಾಗದಲ್ಲಿ ನಾನು ಮತ್ತೆ ಅಡಿಕೆ ಇಡಲಿಲ್ಲ. ಈಗ ಅಲ್ಲಿ ಎರಡು ನುಗ್ಗೆ, ಅವರೆ ಚಪ್ಪರ, ಬಚ್ಚಲ ಬದಿಗೆ ಬಾಳೆ ಇವೆ. ಬೀಜ ಮಾತ್ರ ಅಕ್ಕಪಕ್ಕದ ಮನೆಗಳಲ್ಲಿ ಕೇಳಿ ತರಬೇಕಾಯಿತು. ಅವ್ವ ವರ್ಷಗಟ್ಟಲೆ ಎತ್ತಿಟ್ಟುಕೊಂಡು ಬಂದಿದ್ದ ಬದನೆ ಬೀಜ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಹಿತ್ತಲಿನ್ನೂ ಉಳಿದಿರುವ ಸದಸ್ಯರು ಇಷ್ಟನ್ನು ಯೋಚಿಸಿ ಮುಂದಿನ ಸಸಿಗೆ ಗುಂಡಿ ತೆಗೆಸಬೇಕೆಂದು ಕೋರುತ್ತೇನೆ.

— ಕಡೂರು ಕಡೆಯ ಒಬ್ಬ ಸದಸ್ಯ