ಗೋಡೆ ಮೇಲೆ ಅಮೃತ, ಕಕ್ಕಸಿನಲ್ಲಿ ಹಾಲು

ಎದೆಹಾಲು ಅಮೃತ ಅಂತ ಗೋಡೆ ಮೇಲೆ ಬರೆಸುವವರನ್ನು ಒಂದು ಮಾತು ಕೇಳಬೇಕಾಗಿದೆ. ಆ ಅಮೃತವನ್ನು ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆವರೆಗೆ ಎಲ್ಲಿಡಬೇಕು ಸ್ವಾಮಿ?

ಆಸ್ಪತ್ರೆಯ ಗೋಡೆಯಲ್ಲಿ, ಅಂಗನವಾಡಿಯ ಗೋಡೆಯಲ್ಲಿ, ಪ್ರತಿ ವರ್ಷ ಆಗಸ್ಟ್ 1ರಿಂದ 7ರವರೆಗೆ ನಡೆಯುವ ಸ್ತನ್ಯಪಾನ ಸಪ್ತಾಹದ ಬ್ಯಾನರಿನಲ್ಲಿ ಇರುವವಳು ಒಬ್ಬಳೇ ತಾಯಿ. ಬೆಳ್ಳಗಿದ್ದಾಳೆ, ಹೂ ಮುಡಿದಿದ್ದಾಳೆ, ಕೂತಿದ್ದಾಳೆ. ಅವಳು ಕೂತಿರುವುದನ್ನು ಗಮನಿಸಿ. ಅವಳಿಗೆ ಬಸ್ಸು ಹಿಡಿಯುವ ಆತುರವಿಲ್ಲ. ಪಂಚಿಂಗ್ ಇಲ್ಲ, ಲೈನಿಲ್ಲ, ಟಾರ್ಗೆಟ್ ಇಲ್ಲ. ಇಂಥ ತಾಯಿ ಈ ದೇಶದಲ್ಲಿ ಎಷ್ಟು ಮನೆಯಲ್ಲಿದ್ದಾಳೆ?

ನಮ್ಮ ತಾಯಂದಿರನ್ನು ನೋಡಬೇಕಾದರೆ ಬೆಳಿಗ್ಗೆ ಎಂಟಕ್ಕೆ ಪೀಣ್ಯಕ್ಕೆ ಬನ್ನಿ. ಹೆಗ್ಗನಹಳ್ಳಿ, ಲಗ್ಗೆರೆ, ಚೊಕ್ಕಸಂದ್ರದ ಓಣಿಗಳಿಂದ ಟಿಫನ್ ಡಬ್ಬಿ ಹಿಡಿದ ಹೆಂಗಸರು ಹೊಳೆಯ ಹಾಗೆ ಹರಿದು ಬರುತ್ತಾರೆ. ಕುಣಿಗಲ್ಲು, ಮಾಗಡಿ, ಶಿರಾ, ಪಾವಗಡದಿಂದ ಬಂದವರು. ಈಗೀಗ ಒಡಿಶಾ, ಜಾರ್ಖಂಡಿನಿಂದ ಬಂದವರು. ನಮ್ಮ ಕೇರಿ, ನಮ್ಮ ಹಟ್ಟಿಗಳಲ್ಲಿ ಎಸ್ಸೆಸ್ಸೆಲ್ಸಿ ಫೇಲಾದ ಹುಡುಗಿಯರು, ಪಾಸಾಗಿಯೂ ಮುಂದೆ ಓದಲಾಗದ ಹುಡುಗಿಯರು. ಹಳ್ಳಿಯ ಮೇಷ್ಟ್ರೇ, ಇವರು ನಿಮ್ಮ ಶಿಷ್ಯೆಯರು. ಹಾಜರಿ ಪುಸ್ತಕದಿಂದ ಹೆಸರು ಹೊಡೆದ ಮೇಲೆ ಅವರೆಲ್ಲ ಎಲ್ಲಿಗೆ ಹೋದರು ಅಂತ ತಿಳಿಯಬೇಕಾದರೆ ಆ ಗೇಟುಗಳ ಮುಂದೆ ಒಂದು ದಿನ ನಿಲ್ಲಿ. ಅವರಲ್ಲಿ ಕೆಲವರು ಮೂರು ನಾಲ್ಕು ತಿಂಗಳ ಕೂಸನ್ನು ಬಾಡಿಗೆ ರೂಮಿನಲ್ಲಿ ಬಿಟ್ಟು ಬಂದಿರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅವರ ಎದೆ ಕಲ್ಲಾಗಿರುತ್ತದೆ.

ಅವರಲ್ಲಿ ನನ್ನ ಅಕ್ಕನೂ ಒಬ್ಬಳು. ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದ ಮೊದಲನೆಯವಳು ನಾನು. ಆ ಬಿ.ಎ.ಗೆ ಫೀಸು ಕಟ್ಟಿದ್ದು ಅಕ್ಕ ಹೊಲಿದ ಕಾಲರುಗಳು. ಹೆರಿಗೆ ರಜೆ ಮುಗಿಸಿ ಅವಳು ಗಾರ್ಮೆಂಟ್ಸಿಗೆ ಹೋದ ಮೊದಲ ದಿನ ಹನ್ನೊಂದು ಗಂಟೆಗೇ ಜಾಕೀಟು ಒದ್ದೆಯಾಯಿತು. ಹತ್ತು ನಿಮಿಷ ಬಿಡಿ ಸಾರ್ ಅಂತ ಕೇಳಿದಳು. "ಏನಮ್ಮಾ, ಬಯರ್‌ಗೆ ನಿನ್ನ ಹಾಲಿನ ಲೆಕ್ಕ ಕೊಡ್ಲಾ ನಾನು?" ಅಂದ ಸೂಪರ್‌ವೈಸರ್. ಅಲ್ಲಿ ಮಕ್ಕಳ ಕೋಣೆ ಇತ್ತು, ಆದರೆ ವರ್ಷ ತುಂಬದ ಕೂಸನ್ನು ತಗೊಳ್ಳಲ್ಲ ಅಂದರು. ಅಕ್ಕ ಕಕ್ಕಸಿಗೆ ಹೋಗಿ, ಗೋಡೆಗೆ ಒರಗಿ, ಹಾಲು ಹಿಂಡಿ ಚೆಲ್ಲಿ ಬಂದಳು. ಅದೇ ಹೊತ್ತಿಗೆ ರೂಮಿನಲ್ಲಿ ನಮ್ಮವ್ವ ಪ್ಯಾಕೆಟ್ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಮೊಮ್ಮಗನಿಗೆ ಹಾಕುತ್ತಿದ್ದಳು. ಇತ್ತ ತಾಯಿಯ ಹಾಲು ಮೋರಿಗೆ, ಅತ್ತ ಕೊಂಡ ಹಾಲು ಕೂಸಿಗೆ. ತಿಂಗಳೊಪ್ಪತ್ತಿನಲ್ಲಿ ಅಕ್ಕನ ಎದೆ ಬತ್ತಿತು. "ಅವಳಿಗೆ ಹಾಲು ಸಾಲದು" ಅಂತ ಓಣಿಯೆಲ್ಲ ಆಡಿಕೊಂಡಿತು.

ಇದನ್ನು ಹಣೆಬರಹ ಅನ್ನಬೇಡಿ. ಇದೊಂದು ಲೆಕ್ಕ. ಹಾಕಿ ತೋರಿಸುತ್ತೇನೆ.

1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿದ್ದ 12 ವಾರದ ರಜೆಯನ್ನು 2017ರ ತಿದ್ದುಪಡಿ 26 ವಾರಕ್ಕೆ ಏರಿಸಿತು. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆ ತಗೊಳ್ಳಬಹುದು. ಕಾಲು ಊದಿ ಮೆಟ್ಟಿಲು ಹತ್ತಲಾಗದವಳು ಅಷ್ಟನ್ನೂ ತಗೊಂಡರೆ ಹೆರಿಗೆಯ ನಂತರ ಉಳಿಯುವುದು 18 ವಾರ. ಅಂದರೆ 126 ದಿನ. ಕೂಸಿಗೆ ನಾಲ್ಕು ತಿಂಗಳು. ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸರ್ಕಾರ ಗೋಡೆ ಮೇಲೆ ಬರೆಸುವುದೂ ಅದನ್ನೇ. ನಡುವಿನ ಎರಡು ತಿಂಗಳು ಯಾರ ಲೆಕ್ಕ? ಆಗಲೇ ಎರಡು ಮಕ್ಕಳಿರುವವಳಿಗಂತೂ ಸಿಗುವುದು ಒಟ್ಟು 12 ವಾರ ಮಾತ್ರ. ಮೂರನೆಯ ಕೂಸಿನ ಹೊಟ್ಟೆ ಚಿಕ್ಕದು ಅಂತ ಈ ಕಾನೂನಿಗೆ ಯಾರು ಹೇಳಿದರೋ!

ಕೆಲಸಕ್ಕೆ ವಾಪಸು ಹೋದ ಮೇಲೆ ಏನಿದೆ? ಮಗುವಿಗೆ 15 ತಿಂಗಳಾಗುವವರೆಗೆ, ಊಟದ ಬಿಡುವಲ್ಲದೆ, ಹಾಲೂಡಿಸಲು ದಿನಕ್ಕೆ ಎರಡು ಬಿಡುವು. 50 ಜನ ದುಡಿಯುವ ಕಡೆ ಮಕ್ಕಳ ಕೋಣೆ, ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರುವ ಹಕ್ಕು. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹೆಸರು ಬದಲಾದರೂ ಈ ಹಕ್ಕುಗಳು ಉಳಿದಿವೆ. ಆದರೆ ಕಾಗದದ ಮೇಲಿನ ಬಿಡುವಿಗೂ ಲೈನಿನ ಮೇಲಿನ ಟಾರ್ಗೆಟ್ಟಿಗೂ ಜಗಳ ಬಿದ್ದರೆ ಗೆಲ್ಲುವುದು ಯಾವುದು ಅಂತ ಹೊಲಿಗೆ ಮಿಷನ್ನಿನ ಮುಂದೆ ಕೂತ ಯಾರನ್ನಾದರೂ ಕೇಳಿ. ಒಬ್ಬಳು ಎದ್ದರೆ ಮುಂದಿನವಳ ಕೈ ಖಾಲಿ, ಹಿಂದಿನವಳ ಮುಂದೆ ಪೀಸುಗಳ ಗುಡ್ಡೆ. ಬಿಡುವು ಕೊಟ್ಟರೂ ಟಾರ್ಗೆಟ್ ಇಳಿಸುವುದಿಲ್ಲ. ಹಾಗಾಗಿ ತಾಯಿಯನ್ನು ಬೈಯಲು ಸೂಪರ್‌ವೈಸರೇ ಬೇಕಾಗಿಲ್ಲ, ಪಕ್ಕದವಳೇ ಬೈಯುವ ಹಾಗೆ ಕೆಲಸವನ್ನು ಜೋಡಿಸಿದ್ದಾರೆ.

ಇನ್ನೊಂದು ತೂತು ನೋಡಿ. ಬಿಡುವು ಇರುವುದು "ಮಗುವಿಗೆ ಹಾಲೂಡಿಸಲು". ಮಗು ಪಕ್ಕದಲ್ಲಿ ಇಲ್ಲದವಳು ಏನು ಮಾಡಬೇಕು? ತುಂಬಿದ ಬಸ್ಸಿನಲ್ಲಿ ನಾಲ್ಕು ತಿಂಗಳ ಕೂಸನ್ನು ಎತ್ತಿಕೊಂಡು ಹೋಗಲಾಗದೆ ಮನೆಯಲ್ಲಿ ಬಿಟ್ಟವಳಿಗೆ ಹಾಲು ಹಿಂಡಿ ತೆಗೆದಿಡಲು ಜಾಗ ಕೊಡಿ, ತಣ್ಣಗಿಡಲು ವ್ಯವಸ್ಥೆ ಮಾಡಿ ಅಂತ ಆ ಸಂಹಿತೆಯಲ್ಲಿ ಒಂದು ಸಾಲಿಲ್ಲ. ಪೀಣ್ಯದ ಸಣ್ಣ ಸಣ್ಣ ಶೆಡ್ಡುಗಳಲ್ಲಿ 50 ಜನ ಸೇರುವುದೇ ಇಲ್ಲ. ಅಲ್ಲಿಯವರಿಗೆ ಮಕ್ಕಳ ಕೋಣೆಯೂ ಇಲ್ಲ.

ಹಾಲು ತೆಗೆದಿಡುವುದು ದೊಡ್ಡ ವಿದ್ಯೆಯೇನಲ್ಲ. ಕೈ ಸೋಪು ಹಾಕಿ ತೊಳೆಯಬೇಕು. ನೀರಿನಲ್ಲಿ ಕುದಿಸಿದ ಅಗಲ ಬಾಯಿಯ ಪಾತ್ರೆ, ಮುಚ್ಚಳ ಬೇಕು. ಪಂಪು ಇಲ್ಲದಿದ್ದರೆ ಕೈಯೇ ಸಾಕು: ತೊಟ್ಟನ್ನು ಎಳೆಯದೆ, ಅದರ ಸುತ್ತಿನ ಕಪ್ಪಿನ ಅಂಚಿನಲ್ಲಿ ಹೆಬ್ಬೆರಳು, ತೋರುಬೆರಳಿಟ್ಟು ಎದೆಯ ಕಡೆಗೆ ಒತ್ತಿ ಹಿಂಡಬೇಕು. ಹದಿನೈದು ಇಪ್ಪತ್ತು ನಿಮಿಷದ ಕೆಲಸ. ಹಾಗೆ ತೆಗೆದ ಹಾಲು 25 ಡಿಗ್ರಿಯೊಳಗಿನ ತಂಪಿನಲ್ಲಿ 4 ಗಂಟೆ ಇರುತ್ತದೆ. ಐಸ್ ಪ್ಯಾಕ್ ಇಟ್ಟ ಮುಚ್ಚಿದ ಪೆಟ್ಟಿಗೆಯಲ್ಲಿ 24 ಗಂಟೆ, ಫ್ರಿಜ್ಜಿನಲ್ಲಿ 4 ದಿನ. ಕುಡಿಸುವಾಗ ಒಲೆ ಮೇಲೆ ಕಾಯಿಸಬಾರದು, ಬಿಸಿನೀರಿನ ಪಾತ್ರೆಯಲ್ಲಿಟ್ಟು ಉಗುರುಬೆಚ್ಚಗೆ ಮಾಡಿ ಒಳಲೆಯಲ್ಲೋ ಲೋಟದಲ್ಲೋ ಹಾಕಿದರಾಯಿತು. ಕುಡಿದು ಮಿಕ್ಕಿದ್ದನ್ನು ಎರಡು ಗಂಟೆಯೊಳಗೆ ಮುಗಿಸಬೇಕು, ಇಲ್ಲ ಚೆಲ್ಲಬೇಕು. ಮೂರು ಗಂಟೆಗೊಮ್ಮೆಯಾದರೂ ಎದೆ ಖಾಲಿಯಾಗುತ್ತಿದ್ದರೆ ಹಾಲು ಮತ್ತೆ ಊರುತ್ತದೆ. ಕಟ್ಟಿಕೊಂಡರೆ ಬಾವು, ಜ್ವರ. ಆಮೇಲೆ ಬತ್ತುವುದು. ಬಾವಿಯಂತೆಯೇ ಇದೂ: ಸೇದಿದರೆ ನೀರು.

ಇಷ್ಟಕ್ಕೆ ಬೇಕಾದ್ದು ಮೂರೇ ಮೂರು. ಇಪ್ಪತ್ತು ನಿಮಿಷ ಹೊತ್ತು, ಒಳಗಿನಿಂದ ಚಿಲಕ ಹಾಕುವ ಒಂದು ಬಾಗಿಲು, ಒಂದು ತಣ್ಣನೆಯ ಪೆಟ್ಟಿಗೆ. ರಫ್ತಿಗೆ ಕಂಟೇನರುಗಟ್ಟಲೆ ಬಟ್ಟೆ ಕಳಿಸುವವರಿಗೆ ಈ ಮೂರನ್ನು ಕೊಡುವ ತ್ರಾಣವಿಲ್ಲವೇ?

ಕೊಡಲು ಬರುತ್ತದೆ ಅನ್ನುವುದಕ್ಕೆ ಸಾಕ್ಷಿ ಇದೇ ಬೆಂಗಳೂರಿನಲ್ಲಿದೆ. ವೈಟ್‌ಫೀಲ್ಡಿನ, ಎಲೆಕ್ಟ್ರಾನಿಕ್ ಸಿಟಿಯ ಕೆಲವು ಗಾಜಿನ ಕಟ್ಟಡಗಳಲ್ಲಿ ಇದಕ್ಕೆಂದೇ ಕೋಣೆಗಳಿವೆ. ಮೆತ್ತನೆ ಕುರ್ಚಿ, ಪಂಪಿಗೆ ಪ್ಲಗ್ಗು, ಪುಟ್ಟ ಫ್ರಿಜ್ಜು. ಅಲ್ಲಿನ ಹೆಣ್ಣುಮಕ್ಕಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅವರ ಎದೆಯಲ್ಲೂ ಇರುವುದು ಹಾಲೇ, ಅವರಿಗೂ ಅದು ಸಿಗಲೇಬೇಕು. ನಾನು ಕೇಳುವುದು ಇಷ್ಟೇ: ಆ ಕೋಣೆಯ ನೆಲ ಒರೆಸುವವಳು ಬಾಣಂತಿಯಾಗಿದ್ದರೆ ಆ ಕುರ್ಚಿಯಲ್ಲಿ ಕೂರಬಹುದೇ? ಅವಳು ಕಾಂಟ್ರಾಕ್ಟಿನವಳು. ಕಂಪನಿಯನ್ನು ಕೇಳಿದರೆ ಏಜೆನ್ಸಿ ಕಡೆ ಕೈ ತೋರಿಸುತ್ತಾರೆ, ಏಜೆನ್ಸಿಯನ್ನು ಕೇಳಿದರೆ ಕಂಪನಿ ಕಡೆ. ಹಾಲಿಗೂ ಜಾತಿ ಹಚ್ಚಿದ ದೇಶ ಇದು. ಹಸುವಿನ ಹಾಲು ಅಭಿಷೇಕಕ್ಕೆ, ಐಡಿ ಕಾರ್ಡಿನವಳ ಹಾಲು ಫ್ರಿಜ್ಜಿಗೆ, ನಮ್ಮವಳ ಹಾಲು ಕಕ್ಕಸಿಗೆ! ಕಕ್ಕಸು ಬಳಿಯುವುದನ್ನು ಸಾವಿರಾರು ವರ್ಷ ನಮ್ಮ ಹಣೆಗೆ ಅಂಟಿಸಿದವರು ಈಗ ನಮ್ಮ ಮಕ್ಕಳ ಊಟವನ್ನೂ ಅಲ್ಲೇ ಹಿಂಡಿಸುತ್ತಿದ್ದಾರೆ. ಕಕ್ಕಸಿನಲ್ಲಿ ಕೂತು ಮುದ್ದೆ ಉಣ್ಣು ಅಂದರೆ ನಾವು ಸುಮ್ಮನಿರುತ್ತೇವೆಯೇ? ಕೂಸಿನ ಮುದ್ದೆ ಅದು.

ಡಬ್ಬಿ ಹಾಲಿನ ಜಾಹೀರಾತನ್ನು 1992ರ ಕಾನೂನು ನಿಷೇಧಿಸಿದೆ. ಒಳ್ಳೆಯದೇ. ಆದರೆ ಪೀಣ್ಯದಲ್ಲಿ ಡಬ್ಬಿ ಹಾಲಿಗೆ ಬೇರೆ ಜಾಹೀರಾತು ಬೇಕಾಗಿಲ್ಲ, ಗಾರ್ಮೆಂಟ್ಸಿನ ಗೋಡೆ ಗಡಿಯಾರವೇ ಸಾಕು. ತಿಂಗಳ ಸಂಬಳದಲ್ಲಿ ಡಬ್ಬಿಗೊಂದು ಪಾಲು. ಹಣ ಉಳಿಸಲು ಎರಡು ಚಮಚದ ಜಾಗಕ್ಕೆ ಒಂದು. ನೀರು ಕೆಟ್ಟದಿದ್ದರೆ ಭೇದಿ. ಭೇದಿಯಾದರೆ ಆಸ್ಪತ್ರೆ. ಆಸ್ಪತ್ರೆಗೆ ಹೋದರೆ ರಜೆ. ರಜೆ ಹಾಕಿದರೆ ಬೈಗುಳ. ಕಡೆಗೆ "ಬಿಟ್ಟುಬಿಡ್ತೀನಿ ಸಾರ್" ಅಂತ ರಾಜೀನಾಮೆ. ಮಗು ಸ್ವಲ್ಪ ದೊಡ್ಡದಾದ ಮೇಲೆ ಪಕ್ಕದ ಗೇಟಿನಲ್ಲಿ ಹೊಸಬಳಂತೆ ಮತ್ತೆ ಸೇರುತ್ತಾಳೆ. ಐದು ವರ್ಷ ಒಂದೇ ಕಡೆ ದುಡಿದ ಕಾಯಂ ಕಾರ್ಮಿಕಳಿಗೆ ಸಿಗಬೇಕಾದ ಗ್ರಾಚ್ಯುಟಿ ಅವಳಿಗೆ ಸಿಗುವುದಿಲ್ಲ. ಹಾಲು ಬತ್ತಿದರೆ ಯಾರ ಗಂಟು ದಪ್ಪವಾಗುತ್ತದೆ ಅಂತ ಈಗ ತಿಳಿಯಿತೇ?

ಇನ್ನು ನಮ್ಮವರ ಮಾತಿಗೆ ಬರೋಣ. ಒಂದು ಸಭೆಯಲ್ಲಿ ಈ ವಿಷಯ ಎತ್ತಿದೆ. ಭೂಮಿ, ಮೀಸಲಾತಿ, ದೌರ್ಜನ್ಯದ ಬಗ್ಗೆ ಗಂಟೆಗಟ್ಟಲೆ ಮಾತಾಡಿದ ಗೆಳೆಯರು ನೆಲ ನೋಡಿದರು. ಒಬ್ಬರು, "ಇದು ಹೆಣ್ಮಕ್ಳ ಒಳಗಿನ ವಿಷ್ಯ ಕಣಮ್ಮ, ಚಳವಳಿ ವಿಷ್ಯ ಅಲ್ಲ" ಅಂದರು. ಅಣ್ಣಾ, ನಿಮಗೆ ನಾಚಿಕೆಯಾಗುವುದಾದರೆ ಬಾಬಾಸಾಹೇಬರನ್ನು ಕೇಳಿ. 1927ರಲ್ಲಿ ಅವರು ಮಹಾಡಿನಲ್ಲಿ ಕೆರೆಯ ನೀರು ಮುಟ್ಟಿದರು, ಅದೇ ವರ್ಷದ ಕೊನೆಯಲ್ಲಿ ಮನುಸ್ಮೃತಿ ಸುಟ್ಟರು. ಮರುವರ್ಷವೇ, 1928ರಲ್ಲಿ, ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯ ಮಸೂದೆಯ ಪರವಾಗಿ ಎದ್ದು ನಿಂತು ಮಾತಾಡಿದರು. ಹೆರಿಗೆಯ ಹಿಂದೆ ಮುಂದೆ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ ಅಂತ ವಾದಿಸಿದರು. 1929ರಲ್ಲಿ ಅಲ್ಲಿ ಕಾನೂನು ಬಂತು. ಗಿರಣಿಯ ಬಾಣಂತಿ ಅವರಿಗೆ ಚಳವಳಿಯ ವಿಷಯವಾಗಿದ್ದಳು. ಅವರ ಫೋಟೋಕ್ಕೆ ಹಾರ ಹಾಕುವ ನಮಗೆ ಯಾಕಲ್ಲ?

ಕೆಲವರು ಹೇಳುತ್ತಾರೆ: ನಮ್ಮಮ್ಮಂದಿರು ಹೊಲದಲ್ಲೇ ಹೆತ್ತು ಹೊಲದಲ್ಲೇ ಸಾಕಲಿಲ್ಲವೇ? ಹೌದು, ಸಾಕಿದರು. ಹುಣಸೆ ಮರಕ್ಕೆ ಸೀರೆಯ ಜೋಲಿ ಕಟ್ಟಿದರು. ಗೌಡ ಗೊಣಗಿದರೂ ಅತ್ತ ಕೂಸಿನ ದನಿ ಕೇಳುತ್ತಿತ್ತು, ಬದುವಿನ ಮೇಲೆ ಕೂತು ಮೊಲೆ ಕೊಟ್ಟರು. ಅದನ್ನು ಸುಖ ಅಂತ ನಾನು ಹೇಳುವುದಿಲ್ಲ. ಆದರೆ ಕೂಸು ಅಳುವುದೇ ಕೇಳದಷ್ಟು ದೂರ ತಾಯಿಯನ್ನು ಒಯ್ದದ್ದು ಈ ಕಾಂಪೌಂಡ್ ಗೋಡೆ. ದೂರ ಒಯ್ದವರೇ ಆ ದೂರದ ಬೆಲೆ ಕಟ್ಟಬೇಕು.

ಸರ್ಕಾರಕ್ಕೆ ಗೊತ್ತಿಲ್ಲದ್ದೇನೂ ಇಲ್ಲಿಲ್ಲ. ಪೋಲಿಯೊ ಹನಿಯನ್ನು ಕೆಡದ ಹಾಗೆ ತಣ್ಣನೆ ಪೆಟ್ಟಿಗೆಯಲ್ಲಿಟ್ಟು ನಮ್ಮ ಕೇರಿಯ ಕಡೇ ಗುಡಿಸಲಿಗೂ ತಂದು ಹಾಕಿದರು, 2014ರಲ್ಲಿ ದೇಶ ಪೋಲಿಯೊ ಮುಕ್ತವೆನಿಸಿತು. ಅಂಥದೇ ಪೆಟ್ಟಿಗೆ ಕಾರ್ಖಾನೆಯ ಗೇಟು ದಾಟಲಾರದೇ? 2022ರಲ್ಲಿ ವಾಣಿವಿಲಾಸ ಆಸ್ಪತ್ರೆಯಲ್ಲಿ ಎದೆಹಾಲಿನ ಬ್ಯಾಂಕನ್ನೇ ತೆರೆದರು. 2023ರಲ್ಲಿ ನರೇಗಾ ಕೂಲಿಯವರ ಮಕ್ಕಳಿಗೆ ಗ್ರಾಮ ಪಂಚಾಯಿತಿಗಳಲ್ಲಿ 4,000 'ಕೂಸಿನ ಮನೆ' ಅಂತ ಬಜೆಟ್ಟಿನಲ್ಲಿ ಘೋಷಿಸಿದರು. ಹಾಲೂಡಿಸುವುದು ತಾಯಿಯ ಹಕ್ಕು, ಅದಕ್ಕೆ ಸಂವಿಧಾನದ 21ನೇ ವಿಧಿಯ ರಕ್ಷಣೆಯಿದೆ ಅಂತ 2021ರಲ್ಲಿ ಕರ್ನಾಟಕ ಹೈಕೋರ್ಟೇ ಹೇಳಿತು. ಇಷ್ಟೆಲ್ಲ ಗೊತ್ತಿರುವ ಸರ್ಕಾರ ಪೀಣ್ಯದ ಗೇಟಿನ ಮುಂದೆ ಬಂದ ಕೂಡಲೇ ಕುರುಡಾಗುವುದು ಹೇಗೆ?

ಗೆಳೆಯರೇ, ಬೇಡಿಕೆಗಳನ್ನು ಬರೆದುಕೊಳ್ಳಿ. ಒಂದು, ಆ ಎರಡು ಬಿಡುವು ಹಾಲು ಹಿಂಡಿ ತೆಗೆದಿಡಲೂ ಸೇರಿದ್ದು ಅಂತ ನಿಯಮದಲ್ಲೇ ಬರೆಯಬೇಕು. ಎರಡು, ಬಿಡುವಿನಷ್ಟು ಹೊತ್ತಿನ ಟಾರ್ಗೆಟ್ಟನ್ನು ಇಡೀ ಲೈನಿಗೆ ಇಳಿಸಬೇಕು. ಮೂರು, ಹೆಂಗಸರು ದುಡಿಯುವ ಪ್ರತಿ ಕಡೆ ಚಿಲಕವಿರುವ ಕೋಣೆ, ಕೈ ತೊಳೆಯುವ ನೀರು, ತಣ್ಣನೆ ಪೆಟ್ಟಿಗೆ ಇರಬೇಕು. ಅದು ಕಕ್ಕಸಿನ ಪಕ್ಕದಲ್ಲಿ ಇರಕೂಡದು. ನಾಲ್ಕು, ಕಾಂಟ್ರಾಕ್ಟಿನವರಿಗೂ ಅದೇ ಕೋಣೆ, ಅದೇ ಕುರ್ಚಿ. ಐದು, ಸಣ್ಣ ಶೆಡ್ಡುಗಳೆಲ್ಲ ಸೇರಿ ಬೀದಿಗೊಂದು ಮಕ್ಕಳ ಕೋಣೆ ನಡೆಸಬೇಕು, ಅಲ್ಲಿ ಎಳೆಗೂಸನ್ನು ಬೇಡ ಅನ್ನಬಾರದು. ಹಲವು ಸಂಸ್ಥೆಗಳು ಕೂಡಿ ನಡೆಸಲು ಸಂಹಿತೆಯಲ್ಲೇ ಅವಕಾಶವಿದೆ.

ಆಗದ ಮಾತು ಅನ್ನಬೇಡಿ. 2016ರ ಏಪ್ರಿಲ್ 18 ಮತ್ತು 19ರಂದು ಪಿ.ಎಫ್. ದುಡ್ಡಿಗೆ ಕೈ ಹಾಕಿದಾಗ ಇದೇ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಯಲ್ಲಿ, ಜಾಲಹಳ್ಳಿ ಕ್ರಾಸಿನಲ್ಲಿ ಬೀದಿಗಿಳಿದು ಬೆಂಗಳೂರನ್ನು ನಿಲ್ಲಿಸಿದರು. ಎರಡನೇ ದಿನವೇ ದೆಹಲಿ ಆ ನಿಯಮವನ್ನು ವಾಪಸು ತಗೊಂಡಿತು.

ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಹತ್ತನೇ ಕ್ಲಾಸಿನ ಹುಡುಗಿಯರಿಗೂ ಹುಡುಗರಿಗೂ ಈ ಕಾನೂನನ್ನು ಪಾಠದಂತೆ ಓದಿಸಿ. ಕೆಲಸಕ್ಕೆ ಸೇರಿದ ದಿನವೇ ಈ ಸೌಲಭ್ಯಗಳನ್ನೆಲ್ಲ ಬರೆದು ತಿಳಿಸಬೇಕಾದ್ದು ಮಾಲೀಕರ ಕರ್ತವ್ಯ ಅಂತ ಹೇಳಿಕೊಡಿ. ಚಳವಳಿಯ ಗೆಳೆಯರಲ್ಲಿ ಇನ್ನೊಂದು ವಿನಂತಿ. ಮೇ ದಿನದ ಕರಪತ್ರದಲ್ಲಿ ಈ ಐದು ಬೇಡಿಕೆ ಇರಲಿ. ಗೇಟಿನ ಮುಂದೆ ಅದನ್ನು ಹಂಚುವಾಗ ಗಂಡಸರೂ ಬನ್ನಿ. ಎದೆಹಾಲು ಅನ್ನುವ ಮಾತನ್ನು ನೆಲ ನೋಡದೆ, ಗಟ್ಟಿ ದನಿಯಲ್ಲಿ ಕೂಗಿ ಹೇಳಿ. ಆ ಹಾಲು ಕುಡಿದೇ ನಿಮಗೆ ಆ ದನಿ ಬಂದದ್ದು.