ಜುಟ್ಟು ಹೋಗಿ ಕ್ರಾಪು ಬಂತು

ಪ್ರಾರ್ಥನೆಯ ಸಾಲಿನಲ್ಲಿ ನಿಂತಾಗ ಗುರುಹಿರಿಯರ ದೃಷ್ಟಿ ಮೊದಲು ಬೀಳುವುದು ಹುಡುಗರಾದ ನಮ್ಮ ತಲೆಗೂದಲಿನ ಮೇಲೆ. ಅದು ಕಿವಿಯ ಮೇಲಿಳಿದಿದ್ದರೆ ಶಿಸ್ತಿಲ್ಲದವರೆಂಬ ಹೆಸರು ತಪ್ಪದು. ಈ ವಿಷಯದಲ್ಲಿ ನಮ್ಮದೊಂದು ಅರಿಕೆಯುಂಟು.

ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಚೌಲಕ್ಕೆ ಮುನ್ನ ಗಂಡುಮಗುವಿಗೂ ಜಡೆ ಹೆಣೆದು, ಹೂ ಮುಡಿಸಿ, ಭಾವಚಿತ್ರ ತೆಗೆಸುವ ವಾಡಿಕೆಯಿದೆ. ಚೌಲವಾದ ಬಳಿಕ ಮುಂದಲೆ ಬೋಳಿಸಿ ಜುಟ್ಟು ಬಿಡುವುದು ಹಿಂದೆ ಅನೇಕ ಮನೆತನಗಳ ಸಂಪ್ರದಾಯವಾಗಿತ್ತು. ಅಂತಹ ಮನೆಯ ಹುಡುಗನು ಕ್ರಾಪು ಬಿಟ್ಟರೆ ಕುಲಾಚಾರ ಕೆಟ್ಟಿತೆಂದು ಹಿರಿಯರು ನೊಂದುಕೊಳ್ಳುತ್ತಿದ್ದರು. ಅದೇ ಕ್ರಾಪು ಇಂದು ಶಿಸ್ತಿನ ಲಕ್ಷಣವಾಗಿದೆ!

1888ರಲ್ಲಿ ಇಂಗ್ಲೆಂಡಿಗೆ ಹೊರಟ ಗಾಂಧೀಜಿಯವರು, ಆಂಗ್ಲರು ನಕ್ಕಾರೆಂಬ ಅಳುಕಿನಿಂದ ಜುಟ್ಟು ತೆಗೆಸಿದರು. 1915ರಲ್ಲಿ ಹೃಷೀಕೇಶದ ಸ್ವಾಮಿಯೊಬ್ಬರು ಪ್ರಶ್ನಿಸಿದಾಗ ಮರಳಿ ಜುಟ್ಟು ಬಿಡಲೊಪ್ಪಿದರು. ಜನಿವಾರವನ್ನು ಮಾತ್ರ ಒಪ್ಪಲಿಲ್ಲ. ಅವರ ಸತ್ಯನಿಷ್ಠೆಯನ್ನು ಜುಟ್ಟಿನಿಂದ ಅಳೆಯಬಲ್ಲವರಾರು? 1960ರ ದಶಕದಲ್ಲಿ ಬೀಟಲ್ಸ್ ಗಾಯಕರ ಹಣೆಮುಚ್ಚುವ ಕೂದಲನ್ನು ಕಂಡು ಅನೇಕ ಹಿರಿಯರು ಹುಬ್ಬು ಗಂಟಿಕ್ಕಿದರು. ಇಂದು ಅದೂ ಸೌಮ್ಯವಾಗಿಯೇ ತೋರುತ್ತದೆ.

ಎಣ್ಣೆ ಹಚ್ಚಿ, ಬಾಚಿ, ತಲೆಯನ್ನು ಶುಚಿಯಾಗಿಟ್ಟುಕೊಳ್ಳುವುದು ನಮ್ಮ ಕರ್ತವ್ಯ. ಶಾಲೆಯ ನಿಯಮವನ್ನೂ ಪಾಲಿಸೋಣ. ಆದರೆ ಕೂದಲು ಕಂಡೊಡನೆ ನಡತೆಯನ್ನು ನಿರ್ಣಯಿಸುವುದು ನ್ಯಾಯವಲ್ಲ. ಸಹಪಾಠಿಗಳೆದುರು ನಿಲ್ಲಿಸಿ ಕತ್ತರಿ ಆಡಿಸುವುದಂತೂ ಎಲ್ಲಿಯೂ ನಡೆಯಬಾರದು. ಕತ್ತರಿಸಿದ ಕೂದಲು ಕೆಲವೇ ತಿಂಗಳಲ್ಲಿ ಬೆಳೆಯುತ್ತದೆ. ಎಲ್ಲರೆದುರು ಆದ ಅವಮಾನ ಬಹುಕಾಲ ಮಾಸದು. ತಪ್ಪಿದ್ದರೆ ಬಳಿಗೆ ಕರೆದು ಹೇಳಲಿ, ನಾವು ಕೇಳದಿರೆವು.