ಮೌನವೂ ಒಂದು ಸಹಿ

ಸರ್ಕಾರಿ ಒಡೆತನದ ಸಂಸ್ಥೆಯೊಂದರಲ್ಲಿ ಹಗರಣ ಬಯಲಾದೊಡನೆ ಹೊಸ ಸಮಿತಿ, ಹೊಸ ಸುತ್ತೋಲೆ ಬೇಕೆಂಬ ಕೂಗು ಏಳುವುದು ವಾಡಿಕೆ. ನಿಯಮಗಳ ಕೊರತೆಯೇ ಕೇಡಿನ ಮೂಲವೆಂಬ ಈ ನಂಬಿಕೆ ಅನುಕೂಲವಾದುದು, ಸತ್ಯವಾದುದಲ್ಲ.

2018ರ ಫೆಬ್ರವರಿಯಲ್ಲಿ ಹೊರಬಿದ್ದ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಪ್ರಕರಣವೇ ಇದಕ್ಕೆ ಸಾಕ್ಷಿ. ಮುಂಬಯಿಯ ಒಂದೇ ಶಾಖೆಯಿಂದ, ಕೆಲವು ವಜ್ರವ್ಯಾಪಾರಿ ಸಂಸ್ಥೆಗಳ ಪರವಾಗಿ, ಮಂಜೂರಾತಿಯೂ ಠೇವಣಿಯೂ ಇಲ್ಲದೆ ಭರವಸೆ ಪತ್ರಗಳು ವಿದೇಶದ ಬ್ಯಾಂಕ್ ಶಾಖೆಗಳಿಗೆ ಹೋಗಿದ್ದವು. ಮೊದಲು ಪ್ರಕಟವಾದ ಮೊತ್ತವೇ 11,000 ಕೋಟಿ ರೂಪಾಯಿಗೂ ಮಿಗಿಲು. ಸಂದೇಶ ಕಳುಹಿಸುವ ಸ್ವಿಫ್ಟ್ ವ್ಯವಸ್ಥೆಗೂ ಬ್ಯಾಂಕಿನ ಲೆಕ್ಕದ ಗಣಕಕ್ಕೂ ಜೋಡಣೆ ಇರಲಿಲ್ಲ. ಹೋದ ಸಂದೇಶ ಲೆಕ್ಕಕ್ಕೆ ಬರಲಿಲ್ಲ.

ಇಲ್ಲಿ ನಿಯಮವಿರಲಿಲ್ಲವೆ? ಒಬ್ಬರು ಬರೆದುದನ್ನು ಮತ್ತೊಬ್ಬರು ಪರಿಶೀಲಿಸಬೇಕೆಂಬ ಕಟ್ಟಳೆಯಿತ್ತು. ಸೂಕ್ಷ್ಮ ಹುದ್ದೆಯವರನ್ನು ಕಾಲಕಾಲಕ್ಕೆ ವರ್ಗಾಯಿಸಬೇಕೆಂಬ ಸೂಚನೆಯಿತ್ತು. ಆದರೂ ಆರೋಪ ಹೊತ್ತ ಅಧಿಕಾರಿ ಸುಮಾರು ಏಳು ವರ್ಷ ಅಲ್ಲಿಯೇ ಉಳಿದರು. ಸ್ವಿಫ್ಟ್ ದುರುಪಯೋಗದ ಬಗ್ಗೆ 2016ರ ಆಗಸ್ಟ್‌ನಿಂದ ಕನಿಷ್ಠ ಮೂರು ಬಾರಿ ಬ್ಯಾಂಕುಗಳನ್ನು ಎಚ್ಚರಿಸಿದ್ದುದಾಗಿ ರಿಸರ್ವ್ ಬ್ಯಾಂಕ್ ತಿಳಿಸಿತು. ಗುಟ್ಟು ರಟ್ಟಾದುದು ಆ ಅಧಿಕಾರಿಯ ನಿವೃತ್ತಿಯ ಬಳಿಕ, 2018ರ ಜನವರಿಯಲ್ಲಿ: ಶಾಖೆಯು ಪೂರ್ಣ ಮೊತ್ತದ ಠೇವಣಿ ಕೇಳಿತು, ಹಿಂದೆ ಹೀಗೆ ಕೇಳಿರಲಿಲ್ಲವೆಂದು ಗ್ರಾಹಕರು ವಾದಿಸಿದರು. ಒಂದು ಸಾಮಾನ್ಯ ಪ್ರಶ್ನೆ ಮಾಡಿದ ಕೆಲಸವನ್ನು ಅಷ್ಟೊಂದು ವರ್ಷಗಳ ತಪಾಸಣೆ ಮಾಡಲಿಲ್ಲ.

ಪ್ರಶ್ನೆ ಕೇಳದಿರುವುದನ್ನೇ ಸದ್ಗುಣವೆಂದು ಕಲಿಸುವ ಕಚೇರಿಯಲ್ಲಿ ಬೇರೇನಾದೀತು? ಕಡತದಲ್ಲಿ ಆಕ್ಷೇಪ ಬರೆದವನು ಕಿರುಕುಳದವನು, ತಲೆಯಾಡಿಸಿದವನು ಸಮರ್ಥನು. ಇಂಥ ಕಡೆ ನಿರ್ದೇಶಕ ಮಂಡಳಿಯಲ್ಲಿ ಎಷ್ಟು ಪ್ರಾಜ್ಞರಿದ್ದರೇನು? ಕೆಳಗೆ ನುಂಗಿದ ಮಾತು ಮೇಲಿನ ಮೇಜಿಗೆ ತಲುಪದು. ಕೇಂದ್ರದ ಉದ್ದಿಮೆಗಳಿಗೆ 2010ರಲ್ಲಿಯೇ ಆಡಳಿತ ಮಾರ್ಗಸೂಚಿ ಕಡ್ಡಾಯವಾಯಿತು. ಆದರೆ ಅಂಜಿದ ಗುಮಾಸ್ತನಿಗೆ ಧೈರ್ಯ ತುಂಬುವ ಶಕ್ತಿ ಕಾಗದಕ್ಕಿಲ್ಲ.

ಖಾಸಗೀಕರಣವೇ ಮದ್ದೆನ್ನುವವರು 2009ರಲ್ಲಿ ಬಯಲಾದ ಸತ್ಯಂ ಹಗರಣವನ್ನು ನೆನೆಯಲಿ. ಅದು ಖಾಸಗಿ ಕಂಪನಿಯೇ ಆಗಿತ್ತು. ಒಡೆತನ ಬದಲಾದ ಮಾತ್ರಕ್ಕೆ ಅಂಜಿಕೆ ಅಳಿಯದು. 2018ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಅಂಥ ಭರವಸೆ ಪತ್ರಗಳನ್ನೇ ನಿಲ್ಲಿಸಿತು. ಉಪಕರಣ ಹೋಯಿತು, ಅಭ್ಯಾಸ ಹೋಯಿತೆ?

ಮಾಡಿದವನು, ಮಾಡಿಸಿದವನು, ಕಂಡೂ ಸಮ್ಮತಿಸಿದವನು, ಮೂವರೂ ದೋಷದಲ್ಲಿ ಭಾಗಿಗಳು. ನ್ಯಾಯಾಲಯ ಮೊದಲಿಬ್ಬರನ್ನು ವಿಚಾರಿಸೀತು. ಮೂರನೆಯವನನ್ನು ತಿದ್ದಬೇಕಾದುದು ಸಂಸ್ಥೆ. ಆಕ್ಷೇಪ ಎತ್ತಿದವನಿಗೆ ವರ್ಗಾವಣೆಯ ಬದಲು ಬಡ್ತಿ ದೊರೆಯುವ ದಿನದಿಂದಲೇ ಆ ತಿದ್ದುಪಡಿ ಆರಂಭ. ಅಲ್ಲಿಯವರೆಗೆ ಠೇವಣಿದಾರರ ಹಣಕ್ಕೆ ಕಾವಲಿರುವುದು ಬರಿಯ ಸುತ್ತೋಲೆ.